ಯುಹಾನನನ್ನು ಸಾಯಿಸಿದ ವರ್ಷ

ತಾರ್ತು
12 ಅಕ್ಟೋಬರ್ 1969

ಅಮ್ಮಾ,

ಈ ಕಾಗದವನ್ನು ಅಂಚೆಗೆ ಹಾಕದೆ ಲೈಡಾ ಅತ್ತೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಹಲ್ಲು ಕಟ್ಟಿಸಿಕೊಳ್ಳಲು ತಾರ್ತುವಿಗೆ ಬಂದವಳು ಹಾಸ್ಟೆಲಿನ ಬಾಗಿಲಿಗೇ ಬಂದು, "ಏನೋ ಇದು, ಓಡಿ ಓಡಿ ಕಡ್ಡಿ ಆಗಿದ್ದೀಯ! ನಿಮ್ಮಮ್ಮ ನೋಡಿದ್ರೆ ನನ್ನನ್ನೇ ಬೈತಾಳೆ" ಎನ್ನುತ್ತ ನೀನು ಕೊಟ್ಟ ಹೊಗೆಮೀನಿನ ಪೊಟ್ಟಣವನ್ನು ಕೈಗೆ ತುರುಕಿದಳು. ಓದಿದ ಮೇಲೆ ಇದನ್ನು ಒಲೆಗೆ ಹಾಕಿಬಿಡು.

ಕೀವ್ ಮ್ಯಾರಥಾನಿನಲ್ಲಿ ನಾನು ಮೂರನೆಯವನಾಗಿ ಬಂದದ್ದು ನಿನಗೆ ರೇಡಿಯೊದಲ್ಲಿ ತಿಳಿದಿರಬೇಕು. ಇಡೀ ಸೋವಿಯತ್ ಒಕ್ಕೂಟದಲ್ಲಿ ಮೂರನೆಯವನು. ಮೊದಲ ಮೂವರು ಫಿನ್ಲೆಂಡಿಗೆ ಹೋಗುವುದೆಂದು ಮಾತಾಗಿತ್ತು. ನನ್ನ ಅಳತೆ ತೆಗೆದು ಸೂಟನ್ನೂ ಹೊಲಿಸಿದ್ದರು. ಹೊರಡುವ ಹಿಂದಿನ ದಿನ ಬಂದು, "ನಿನ್ನ ಕಾಗದಪತ್ರ ತಡವಾಗಿದೆ" ಎಂದರು. ನಾಲ್ಕನೆಯವನಾಗಿ ಬಂದವನು ಹೋದ, ಅದೂ ನನ್ನ ಸೂಟು ತೊಟ್ಟು. ತೋಳು ಉದ್ದವಾಯಿತೆಂದು ಮಡಿಚಿಕೊಂಡನಂತೆ. ಹೀಗಾದದ್ದು ಇದೇ ಮೊದಲೇನಲ್ಲ, ನಿನಗೆ ಗೊತ್ತು.

ನಮ್ಮ ತರಬೇತುದಾರ ಇಲ್ಮಾರ್ ನನ್ನನ್ನು ಕ್ರೀಡಾಂಗಣದ ಆಚೆ ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಗಾಳಿ ಜೋರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ.

"ನಿನ್ನ ಕಾಲಲ್ಲಿ ಏನೂ ಕೊರತೆ ಇಲ್ಲ ಕಣೋ. ನಿಮ್ಮಪ್ಪ ಸ್ವೀಡನ್ನಲ್ಲಿ ಇರೋತನಕ ನಿನ್ನನ್ನ ಈ ಬೇಲಿ ದಾಟಿಸಲ್ಲ. ಮಗ ಅಪ್ಪನ ಮನೆಗೆ ಓಡಿಹೋಗ್ತಾನೆ ಅಂತ ಅವರಿಗೆ ಭಯ."

"ಹಾಗಾದ್ರೆ ನಾನೇನು ಮಾಡ್ಲಿ?"

"ನಿಮ್ಮಪ್ಪ ಸತ್ತಿದ್ರೆ ಸರಿಹೋಗ್ತಿತ್ತು."

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಯುದ್ಧದಲ್ಲಿ ಕಾಣೆಯಾದವರನ್ನು ಸತ್ತವರೆಂದು ನ್ಯಾಯಾಲಯ ಘೋಷಿಸುತ್ತದಂತೆ. ಅರ್ಜಿಯನ್ನು ಹೆಂಡತಿಯೇ ಹಾಕಬೇಕಂತೆ. "ಅವರು ಬದುಕಿರೋದು ಎಲ್ಲರಿಗೂ ಗೊತ್ತಲ್ಲ?" ಎಂದು ಕೇಳಿದೆ. "ಗೊತ್ತಿದ್ರೇನು? ಮೇಲಿನವರಿಗೆ ಪದಕ ಬೇಕು, ಆದರೆ ಹೆದರಿಕೆ. ಒಂದು ಮುದ್ರೆ ಬಿದ್ರೆ ಹೆದರಿಕೆ ಹೋಗುತ್ತೆ. ಮುದ್ರೆ ಸತ್ಯ ಕೇಳಲ್ಲ" ಎಂದರು.

ಕೇಳಬಾರದ್ದನ್ನು ಕೇಳುತ್ತಿದ್ದೇನೆ. ನನಗೆ ಇಪ್ಪತ್ತೈದು ತುಂಬಿತು. ನೀನು ಒಲ್ಲೆ ಎಂದರೆ ಮತ್ತೆ ಬಾಯಿ ಬಿಡುವುದಿಲ್ಲ.

ನಿನ್ನ
ವೆಲ್ಲೊ

*

ನಿನಾಸೆ, ಸಾರೆಮಾ ದ್ವೀಪ
9 ನವೆಂಬರ್ 1969

ವೆಲ್ಲೊ,

ನಾನು ಚೆನ್ನಾಗಿದ್ದೇನೆ. ಇದನ್ನು ನಿನಗಿಂತ ಮೊದಲು ತೆರೆದು ಓದುವವರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಕಳೆದ ಸಲ ಲಕೋಟೆಗೆ ಗೋಂದು ಜಾಸ್ತಿಯಾಗಿ ಕಾಗದವೇ ಹರಿದಿತ್ತು. ಕೆಲಸ ಮಾಡುವವರು ಸ್ವಲ್ಪ ನಾಜೂಕಾಗಿ ಮಾಡಲಿ.

ಮೀನಿನ ಹೊಗೆಮನೆಯಲ್ಲಿ ಈ ತಿಂಗಳು ಕೈಬಿಡುವಿಲ್ಲ. ಚಪ್ಪಟೆ ಮೀನು ರಾಶಿ ಬಿದ್ದಿದೆ, ಆದರೆ ಕಟ್ಟಿಗೆ ಹಸಿ. ನನ್ನ ಕಣ್ಣು ದಿನವಿಡೀ ಉರಿಯುತ್ತದೆ. ಲೈಡಾಳ ಹೊಸ ಹಲ್ಲು ಮಾತಾಡುವಾಗ ಟಕಟಕ ಎನ್ನುತ್ತದೆ. ನಿನಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ.

ಲೈಡಾ ತಂದದ್ದು ತಲುಪಿತು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಸಲ್ಮೆ, ನಿನ್ನ ಅಮ್ಮ

*

ತಾರ್ತು
21 ಡಿಸೆಂಬರ್ 1969

ಅಮ್ಮಾ,

ಕಾಲುಚೀಲ ಬಂದವು. ಹಬ್ಬಕ್ಕೆ ಬರಲಾಗುವುದಿಲ್ಲ, ಗಡಿಯ ದ್ವೀಪಕ್ಕೆ ಬರುವ ಅನುಮತಿ ಈ ಸಲ ಸಿಗಲಿಲ್ಲ. ಹುಟ್ಟಿದ ಮನೆಗೆ ಹೋಗಲು ಪೊಲೀಸರ ಕಚೇರಿಯ ಸಾಲಿನಲ್ಲಿ ನಿಂತಾಗಲೆಲ್ಲ ನನ್ನ ಮುಂದಿನವರ ಬೆನ್ನು ನೋಡುತ್ತ ನಿಲ್ಲುವುದೇ ನನ್ನ ಕಸುಬೋ ಎನ್ನಿಸುತ್ತದೆ.

ಹೊರಗೆ ಹಿಮ ಮಂಡಿಯವರೆಗೆ ಬಿದ್ದಿದೆ. ಹಾಗಾಗಿ ವ್ಯಾಯಾಮಶಾಲೆಯ ಒಳಗೇ ಓಡುತ್ತೇವೆ. ಗೋಡೆಯ ಪಕ್ಕದಲ್ಲೇ ಸುತ್ತು. ತಿರುವು, ಗೋಡೆ, ತಿರುವು, ಗೋಡೆ. ಸುತ್ತು ಎಣಿಸುವುದನ್ನು ಬಿಟ್ಟಿದ್ದೇನೆ. ಎಣಿಸಿದರೆ ತಲೆ ಕೆಡುತ್ತದೆ. ನಿನ್ನೆ ಮಧ್ಯದಲ್ಲಿ ನಿಂತುಬಿಟ್ಟೆ. ಇಲ್ಮಾರ್ ಬಂದು "ಕಾಲು ಹಿಡಿದುಕೊಂಡಿತಾ?" ಎಂದರು. ಇಲ್ಲ ಎಂದೆ. "ಮತ್ತೆ?" ಎಂದರು. ಏನು ಹೇಳಲಿ? ಓಡಿದ್ದು ಇಷ್ಟು, ಹೋದದ್ದು ಎಲ್ಲಿಗೂ ಇಲ್ಲ ಎಂದು ಹೇಳಲೆ? ಮತ್ತೆ ಓಡತೊಡಗಿದೆ.

ಮತ್ತೆ ಬಾಯಿ ಬಿಡುವುದಿಲ್ಲ ಎಂದು ಬರೆದಿದ್ದೆ. ಆದರೂ ಒಂದು ಮಾತು. ಒಬ್ಬರಿಗಾಗಿ ನೀನು ಇಪ್ಪತ್ತೈದು ವರ್ಷ ಕಾದೆ. ನನಗೆ ಅಷ್ಟು ವರ್ಷಗಳಿಲ್ಲ ಅಮ್ಮಾ. ಓಡುವವನ ಕಾಲಿಗೆ ಅಷ್ಟು ಆಯುಸ್ಸಿರುವುದಿಲ್ಲ.

ವೆಲ್ಲೊ

*

ನಿನಾಸೆ
26 ಫೆಬ್ರವರಿ 1970

ಮಗನೇ,

ಇದನ್ನು ಮೀನಿನ ಲಾರಿಯವನು ತರುತ್ತಾನೆ. ಅವನಿಗೆ ಚಹಾ ಕೊಡು. ಮಂಜುಗಟ್ಟಿದ ಸಮುದ್ರದ ಮೇಲೆ ಲಾರಿ ಓಡಿಸಿಕೊಂಡು ಬಂದಿರುತ್ತಾನೆ.

ನಿನ್ನ ಅಪ್ಪ ಸತ್ತುಹೋದ. ಕುರೆಸಾರೆಯ ನ್ಯಾಯಾಲಯದಲ್ಲಿ, ಬೆಳಗಿನ ಚಹಾಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ.

ನಿನ್ನ ಡಿಸೆಂಬರಿನ ಕಾಗದ ಓದಿ ಸಿಟ್ಟು ಬಂತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಆ ಸಿಟ್ಟಿನಲ್ಲೇ ಚರ್ಚಿಗೆ ಹಾಕಿಕೊಳ್ಳುವ ಕೋಟು ಹಾಕಿಕೊಂಡು ಬಸ್ಸು ಹತ್ತಿದೆ. ಸಾಕ್ಷಿ ಹೇಳಲು ಲೈಡಾ ಜೊತೆಗಿದ್ದಳು. ಬಸ್ಸಿನಲ್ಲಿ ಅವಳು, "ಸಲ್ಮೆ, ಸುಳ್ಳು ಸಾಕ್ಷಿಗೆ ಜೈಲಾಗುತ್ತಂತೆ ಕಣೆ" ಎಂದಳು. "ಆಗ್ಲಿ ಬಿಡು, ಅಲ್ಲಾದ್ರೂ ಕಟ್ಟಿಗೆ ಒಣಗಿರುತ್ತೆ" ಎಂದೆ.

ನ್ಯಾಯಾಧೀಶೆ ನನ್ನ ವಯಸ್ಸಿನವಳೇ. ಮಾತು ಕೇಳಿದರೆ ನಮ್ಮ ದ್ವೀಪದವಳೆಂದೇ ಗೊತ್ತಾಗುತ್ತದೆ.

"ಗಂಡನನ್ನು ಕೊನೇ ಸಲ ನೋಡಿದ್ದು ಯಾವಾಗ?"

"ನಲವತ್ನಾಲ್ಕನೇ ಇಸವಿ, ಸೆಪ್ಟೆಂಬರ್. ದೋಣಿ ನೀರಿಗೆ ತಳ್ಳೋವಾಗ. ಅವನಿಗೆ ಆಗ ಇಪ್ಪತ್ತಾರು ವರ್ಷ."

"ನೀವು ಯಾಕೆ ಜೊತೆಗೆ ಹೋಗ್ಲಿಲ್ಲ?"

"ಕೂಸಿಗೆ ಜ್ವರ ಇತ್ತು. ಗಾಳಿ ಇಳಿದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ ಅಂದ."

"ಬಂದ್ರಾ?"

"ಬಂದಿದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?"

ಹಿಂದೆ ಯಾರೋ ನಕ್ಕರು. ಅವಳು ನಗಲಿಲ್ಲ. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಸತ್ಯವೇ.

"ಆಮೇಲೆ ಅವರ ಸುದ್ದಿ ಏನಾದ್ರೂ ಬಂತಾ?"

ವೆಲ್ಲೊ, ಪ್ರತಿ ವರ್ಷ ಕ್ರಿಸ್‌ಮಸ್‌ಗೆ ಅವನಿಂದ ಒಂದು ಕಾರ್ಡು, ಒಂದು ಪೊಟ್ಟಣ ಕಾಫಿ ಬರುವುದು ಊರಿಗೆಲ್ಲ ಗೊತ್ತು. ಅಲ್ಲಿ ಟೈಪು ಹೊಡೆಯುತ್ತ ಕೂತಿದ್ದ ಹುಡುಗಿಯ ತಾಯಿ ಆ ಕಾಫಿಯನ್ನು ನನ್ನ ಅಡುಗೆಮನೆಯಲ್ಲೇ ಕೂತು ಕುಡಿದು, "ಸ್ವೀಡನ್ನಿನ ಕಾಫಿ ಅಂದ್ರೆ ಕಾಫಿ" ಎಂದಿದ್ದಳು. ಆ ಹುಡುಗಿ ಟೈಪು ನಿಲ್ಲಿಸಿದಳು. ಲೈಡಾಳ ಹಲ್ಲಿನ ಸದ್ದೂ ನಿಂತಿತು.

"ಇಲ್ಲ," ಎಂದೆ.

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಸಮುದ್ರದಲ್ಲಿ ಮುಳುಗಿ ಸತ್ತಿರಬೇಕೆಂದು ತೀರ್ಮಾನವಾಯಿತು. ಹೊರಗೆ ಬರುವಾಗ ನ್ಯಾಯಾಧೀಶೆ ಬಾಗಿಲವರೆಗೆ ಬಂದು, ನನ್ನ ಕೋಟಿನ ಮೇಲಿನ ಗುಂಡಿ ಬಿಚ್ಚಿಹೋಗಿದ್ದನ್ನು ತಾನೇ ಹಾಕಿದಳು.

ಮರುದಿನ ಹೊಗೆಮನೆಯ ಹೆಂಗಸರು ಕಪ್ಪುರೊಟ್ಟಿ, ಬೆಣ್ಣೆ, ಮೊಸರು ತಂದರು. ಗಂಡಸರು ಮನೆಯಲ್ಲೇ ಮಾಡಿದ ಬಿಯರಿನ ಕ್ಯಾನು ಹೊತ್ತು ತಂದರು. "ಸತ್ತವರ ಮನೆಗೆ ಬರಿಗೈಲಿ ಬರೋಕಾಗುತ್ತಾ?" ಎಂದು ನಗುತ್ತ ಒಳಗೆ ಬಂದರು. "ಯುಹಾನ್ ಒಳ್ಳೆಯವನಿದ್ದ, ಸಾಯೋ ವಯಸ್ಸಲ್ಲ" ಎಂದು ಒಬ್ಬ. "ಸತ್ತ ಮೇಲೂ ಕಾಫಿ ಕಳಿಸ್ತಾನೋ ಏನೋ" ಎಂದು ಇನ್ನೊಬ್ಬ. ನಾನೂ ನಕ್ಕೆ. ಆಮೇಲೆ ಯಾರೋ ಮುದುಕಿ ಅಭ್ಯಾಸಬಲದಿಂದ ಹೆಣ ಎತ್ತುವಾಗಿನ ಪ್ರಾರ್ಥನೆಯ ಹಾಡು ಹಿಡಿದಳು. ಎಲ್ಲರೂ ಟೋಪಿ ತೆಗೆದರು. ಆಗ ನಾನು ಆಟ ಆಡುತ್ತಿದ್ದೇನೋ ನಿಜವಾಗಿ ಅಳುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಅವನಿಗೆ ಅಲ್ಲಿ ಇನ್ನೊಂದು ಸಂಸಾರವಿದೆ, ಎರಡು ಹೆಣ್ಣುಮಕ್ಕಳು. ಅದನ್ನೂ ಅವನೇ ಬರೆದಿದ್ದ. ಅದಕ್ಕೆ ನಾನು ಅತ್ತಿರಲಿಲ್ಲ. ಇದಕ್ಕೆ ಅತ್ತೆ.

ಇನ್ನು ಮುಂದೆ ಅವನ ಕಾರ್ಡು ಬಂದರೆ ಅದನ್ನು ತೆಗೆದುಕೊಳ್ಳದೆ ವಾಪಸ್ಸು ಕಳಿಸಬೇಕು. ಯಾಕೆ ಎಂದು ಅವನಿಗೆ ತಿಳಿಸುವ ದಾರಿ ನನಗಿಲ್ಲ.

ನೀನು ಓಡು.

ಅಮ್ಮ

*

ತಾರ್ತು
30 ಮೇ 1970

ಪ್ರೀತಿಯ ಅಮ್ಮನಿಗೆ,

ನಮ್ಮ ಕುಟುಂಬದ ವಿಷಯ ಈಗ ಸರಿಯಾಗಿದೆ ಎಂದು ಕಚೇರಿಯವರು ತಿಳಿಸಿದ್ದಾರೆ. ಆಗಸ್ಟಿನಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ ನಡೆಯುವ ಮ್ಯಾರಥಾನಿಗೆ ಹೋಗುವ ತಂಡದಲ್ಲಿ ನನ್ನ ಹೆಸರಿದೆ. ಬಹಳ ಸಂತೋಷವಾಗಿದೆ.

ವಾರಕ್ಕೊಮ್ಮೆ ನಮಗೆ ಪಾಠವಿದೆ. ಅಲ್ಲಿ ಹೇಗೆ ನಡೆದುಕೊಳ್ಳಬೇಕು, ಯಾರಾದರೂ ಮಾತಾಡಿಸಿದರೆ ಏನು ಹೇಳಬೇಕು, ಇಬ್ಬರು ಜೊತೆಗಿಲ್ಲದೆ ಬೀದಿಗೆ ಇಳಿಯಬಾರದು, ಇತ್ಯಾದಿ. ಒಬ್ಬನೇ ಇರಲು ಅವಕಾಶವಿರುವುದು ಓಟದ ಹೊತ್ತಿನಲ್ಲಿ ಮಾತ್ರ. ಹಾಗೆಂದು ಪಾಠ ಹೇಳುವವನು ತಾನೇ ತಮಾಷೆ ಮಾಡಿದ. ನಾವೂ ನಕ್ಕೆವು.

ಇಲ್ಮಾರ್ ನನ್ನ ಬೂಟಿನ ಹಿಮ್ಮಡಿಗೆ ತಾವೇ ಹೊಸ ರಬ್ಬರು ಅಂಟಿಸಿಕೊಟ್ಟರು. ಅವರು ನನ್ನ ಮುಖ ನೋಡುವುದು ಕಡಿಮೆಯಾಗಿದೆ.

ಆರೋಗ್ಯ ನೋಡಿಕೋ.

ಇಂತಿ ನಿನ್ನ ಮಗ
ವೆಲ್ಲೊ

*

ನಿನಾಸೆ
19 ಜುಲೈ 1970

ವೆಲ್ಲೊ,

ನಿನ್ನ ಕಾಗದ ನೋಡಿ ಖುಷಿಯಾಯಿತು. ಓದುವವರಿಗೂ ಆಗಿರಬೇಕು, ಈ ಸಲ ಗೋಂದು ಸರಿಯಾಗಿ ಹಚ್ಚಿದ್ದಾರೆ.

ಹುಲ್ಲು ಕೊಯ್ದು ಮುಗಿಯಿತು. ಆಲೂಗಡ್ಡೆ ಚೆನ್ನಾಗಿ ಬಂದಿದೆ. ಪ್ರತಿ ವರ್ಷ ನೀನು ಬಂದು ಕೀಳುತ್ತಿದ್ದೆ. ಈ ವರ್ಷ ನಾನೇ ಕೀಳುತ್ತೇನೆ. ಮುಂದಿನ ವರ್ಷವೂ ನಾನೇ ಕೀಳುತ್ತೇನೆ. ಅದರ ಮುಂದಿನ ವರ್ಷವೂ. ನನ್ನ ಬೆನ್ನು ಗಟ್ಟಿಯಿದೆ, ಲೈಡಾ ಪಕ್ಕದಲ್ಲೇ ಇದ್ದಾಳೆ. ಆಲೂಗಡ್ಡೆಗಾಗಿ ನೀನು ಯಾವ ಊರಿನಿಂದಲೂ ಓಡಿ ಬರಬೇಕಾಗಿಲ್ಲ. ಇದನ್ನು ಎರಡು ಸಲ ಓದು.

ದಾರಿಯಲ್ಲಿ ತಣ್ಣೀರು ಒಂದೇ ಉಸಿರಿಗೆ ಕುಡಿಯಬೇಡ.

ಅಮ್ಮ

*

ತಾರ್ತು
13 ಸೆಪ್ಟೆಂಬರ್ 1970

ಅಮ್ಮಾ,

ಮೀನಿನ ಲಾರಿಯವನು ಇಲ್ಲಿಗೆ ಬರುವವರೆಗೂ ಕಾದು ಬರೆಯುತ್ತಿದ್ದೇನೆ. ನಿನಗೆ ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕು.

ತುರ್ಕುವಿನ ಓಟ ಊರಿನಿಂದ ಹೊರಟು, ಕಡಲ ಪಕ್ಕದ ಒಂದು ಹಳ್ಳಿಯ ಚರ್ಚನ್ನು ಸುತ್ತಿ, ಅದೇ ರಸ್ತೆಯಲ್ಲಿ ಹಿಂದಿರುಗುವಂಥದ್ದು. ನಾನು ಮೊದಲ ಗುಂಪಿನಲ್ಲಿದ್ದೆ. ಮೈ ಹಗುರವಾಗಿತ್ತು. ಒಂದು ಸೇತುವೆ ದಾಟಿ ಸ್ವಲ್ಪ ದೂರ ಹೋದಾಗ ಬದಿಯಲ್ಲಿ ಒಬ್ಬರು ಬೂದು ಬಣ್ಣದ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲರೂ ಫಿನ್ನಿಷ್‌ನಲ್ಲಿ ಕೂಗುತ್ತಿದ್ದರೆ ಅವರು ನಮ್ಮ ದ್ವೀಪದ ಮಾತಿನಲ್ಲಿ, ನೀನು ಎಳೆಯುವ ಹಾಗೇ ಎಳೆದು, "ವೆಲ್ಲೊ!" ಎಂದರು.

ನಾನು ತಿರುಗಲಿಲ್ಲ. ಪಾಠದಲ್ಲಿ ಹೇಳಿದ ಹಾಗೆಯೇ ನೆಟ್ಟಗೆ ನೋಡುತ್ತ ಹೋದೆ. ನನ್ನ ಅಪ್ಪ ಸತ್ತಿದ್ದಾರೆ, ನ್ಯಾಯಾಲಯವೇ ಹೇಳಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಚರ್ಚು ಬರುವವರೆಗೂ ಅದನ್ನೇ ಹೇಳಿಕೊಂಡೆ. ಚರ್ಚು ಸುತ್ತುವಾಗ ಹೊಳೆಯಿತು: ಈ ರಸ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಬೇರೆ ದಾರಿಯೇ ಇಲ್ಲ.

ಹಿಂದಿರುಗುವಾಗ ನನ್ನ ಮುಂದೆ ಇದ್ದವನು ಒಬ್ಬನೇ. ಅವನು ದಣಿದಿದ್ದ. ಅವನ ಭುಜ ಏಳುತ್ತಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಬಿಟ್ಟುಕೊಡುತ್ತಾನೆ ಎಂದು ಗೊತ್ತಾಗುತ್ತಿತ್ತು. ಇಂಥ ದಿನ ಓಡುವವನಿಗೆ ಜೀವನದಲ್ಲಿ ಒಂದೋ ಎರಡೋ ಬರುತ್ತದೆ. ಆಗ ಆ ಬೂದು ಟೋಪಿ ಕಾಣಿಸಿತು. ಅವರು ಈ ಸಲ ಕೂಗಲಿಲ್ಲ. ಒಂದು ಸಲ ಕೂಗಿ, ಉತ್ತರ ಬರದೆ, ಸುಮ್ಮನಾದವರ ಹಾಗೆ ನಿಂತಿದ್ದರು.

ನಾನು ನಿಂತೆ. ನಿಲ್ಲಬೇಕೆಂದು ಯೋಚಿಸಿರಲಿಲ್ಲ. ಕಾಲು ನಿಂತುಬಿಟ್ಟವು.

ಏನು ಮಾತಾಡಬೇಕು? ನನ್ನ ಬಾಯಿಂದ ಬಂದದ್ದು, "ಅಪ್ಪಾ, ನೀನು ಸತ್ತಿದ್ದೀಯ ಅಂತ ಬರೆಸಿದ್ದೀವಿ."

"ಹಾಗಾ," ಎಂದರು. "ಸಲ್ಮೆ ಬರೆಸಿದ್ಲಾ?"

"ನಾನು ಬರೆಸು ಅಂದೆ."

ನನ್ನ ಮಣಿಕಟ್ಟು ಹಿಡಿದುಕೊಂಡರು. ಕೈ ತಣ್ಣಗಿತ್ತು. "ಪೇಪರಲ್ಲಿ ನಿನ್ನ ಹೆಸರು ನೋಡಿ ಬಂದೆ. ಹಿಂದಿನ ಬೀದೀಲಿ ಕಾರಿದೆ. ಬರ್ತೀಯಾ? ಈಗ, ಹೀಗೇ. ಮನೇಲಿ ನಿನಗೊಂದು ಕೋಣೆ ಇದೆ."

ಅಮ್ಮಾ, ನಿನ್ನ ಆಲೂಗಡ್ಡೆಯ ಮಾತು ನನಗೆ ಅರ್ಥವಾಗಿತ್ತು. ಎರಡಲ್ಲ, ಹತ್ತು ಸಲ ಓದಿದ್ದೆ. ಆದರೆ ಅಲ್ಲಿ ನಿಂತಾಗ ನನ್ನ ಕಣ್ಣಿಗೆ ಬಂದದ್ದು ನಿನ್ನನ್ನು ಕರೆದು ಕೂರಿಸಿ ಕೇಳುವವರ ಮೇಜು.

"ಅಮ್ಮ ಅಲ್ಲಿದ್ದಾಳೆ," ಎಂದೆ.

ಕೈ ಬಿಟ್ಟರು. ಎಷ್ಟು ಬೇಗ ಬಿಟ್ಟರೆಂದರೆ, ಆ ಉತ್ತರ ಅವರಿಗೆ ಮೊದಲೇ ಗೊತ್ತಿತ್ತೇನೋ. ಆಮೇಲೆ ನನ್ನ ಹಿಂದೆ ನೋಡಿ ಒಮ್ಮೆಲೇ, "ಓಡೋ! ನೀಲಿ ಅಂಗಿಯವನು ಬಂದ, ಓಡೋ ಮಂಕೇ!" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟರು. ನಾನು ಓಡಿದೆ. ನೀಲಿ ಅಂಗಿಯವನೂ ಇನ್ನೂ ಇಬ್ಬರೂ ದಾಟಿ ಹೋದರು. ಐದನೆಯವನಾಗಿ ಬಂದೆ.

ನಾವು ನಿಂತಿದ್ದಾಗ ಯಾರೋ ಕ್ಯಾಮೆರಾ ಹಿಡಿದಿದ್ದರು. ಅಲ್ಲಿನ ಪತ್ರಿಕೆಯಲ್ಲಿ ಮರುದಿನ ಫೋಟೊ ಬಂತು. ಹಡಗಿನಲ್ಲಿ ಬರುವಾಗ ನನ್ನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ತಾಲ್ಲಿನ್ನಿನಲ್ಲಿ ಎರಡು ದಿನ ಕೇಳಿದರು. ನೀರು ಕೊಡಲು ಬಂದ ಯಾರೋ ಅಪರಿಚಿತ, ಏನು ಹೇಳಿದನೋ ತಿಳಿಯಲಿಲ್ಲ ಎಂದೆ. ಅವರು ನಂಬಿದ ಹಾಗೂ ಕಾಣಲಿಲ್ಲ, ನಂಬದ ಹಾಗೂ ಕಾಣಲಿಲ್ಲ. ತಂಡದಿಂದ ತೆಗೆದಿದ್ದಾರೆ. ಹಾಸ್ಟೆಲು ಮುಂದಿನ ತಿಂಗಳ ಕೊನೆಗೆ ಬಿಡಬೇಕು. ಇಲ್ಮಾರ್ ಬಂದು ನನ್ನ ಕೈ ಕುಲುಕಿದರು, ಎಲ್ಲರ ಎದುರಿಗೇ. ಅದಕ್ಕೆ ಅವರಿಗೇನಾಗುತ್ತದೋ ಗೊತ್ತಿಲ್ಲ.

ನಿನ್ನನ್ನೂ ಕರೆಯುತ್ತಾರೆ. ನೀನೂ ಲೈಡಾ ಅತ್ತೆಯೂ ಸಿಕ್ಕಿಹಾಕಿಕೊಳ್ಳದ ಹಾಗೆ ಉತ್ತರ ಯೋಚಿಸಿಟ್ಟುಕೋ.

ವೆಲ್ಲೊ

*

ನಿನಾಸೆ
4 ಅಕ್ಟೋಬರ್ 1970

ಕತ್ತೆ,

ಆಲೂಗಡ್ಡೆ ನಾನೇ ಕೀಳುತ್ತೇನೆ ಎಂದು ಬರೆದಿರಲಿಲ್ಲವೆ? ಇಡೀ ಹೊಲ ನಾನೇ ಕಿತ್ತೆ. ಬೆನ್ನು ಗಟ್ಟಿಯಿಲ್ಲ, ಸುಳ್ಳು ಹೇಳಿದ್ದೆ, ಆದರೂ ಕಿತ್ತೆ. ನಿನಗೊಂದು ಕೋಣೆ ಇತ್ತಂತೆ, ಕಾರೂ ಇತ್ತಂತೆ. ಬಾಗಿಲು ತೆರೆದೇ ಇದ್ದಾಗ ಮತ್ತೆ ಒಳಗೆ ನುಗ್ಗಿದ ಕುರಿಯನ್ನು ನಾನು ಈವರೆಗೆ ನೋಡಿರಲಿಲ್ಲ. ನಿನ್ನ ಕಾಗದ ಹಿಡಿದು ಲೈಡಾಳ ಮುಂದೆ ಬೈದೆ, ದನದ ಮುಂದೆ ಬೈದೆ. ಆಮೇಲೆ ಹಿಟ್ಟು ಕಲಸಿ ರೊಟ್ಟಿ ಹಾಕಿದೆ, ನೀನು ಬರುವೆಯೆಂದು ತಿಳಿದು ಇಬ್ಬರಿಗಾಗುವಷ್ಟು.

ನಮ್ಮ ಶಾಲೆಗೆ ವ್ಯಾಯಾಮದ ಮೇಷ್ಟ್ರು ಬೇಕಾಗಿದೆ. ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ದ್ವೀಪಕ್ಕೆ ಬಂದು ನೆಲೆಸಲು ನಿನ್ನ ಅನುಮತಿ ಕೇಳಿದ ವಾರದಲ್ಲೇ ಬಂದುಬಿಟ್ಟಿದೆ. ಒಳಗೆ ಬರುವವರನ್ನು ಇವರು ಕಾಯಿಸುವುದಿಲ್ಲ.

ಕಡಲ ದಡದ ಮರಳನ್ನು ಸೈನಿಕರು ಸಂಜೆ ಹೊತ್ತು ಕುಂಟೆ ಹೊಡೆದು ಹಸನು ಮಾಡುತ್ತಾರೆ, ಯಾರ ಹೆಜ್ಜೆ ಬಿದ್ದರೂ ಕಾಣಲೆಂದು. ಅವರ ಅಧಿಕಾರಿಯನ್ನು ಕೇಳಿದೆ: "ನನ್ನ ಮಗ ಬರ್ತಾನೆ, ಓಡದೆ ಇರೋಕಾಗಲ್ಲ ಅವನಿಗೆ, ಎಲ್ಲಿ ಓಡ್ಲಿ?" ಚಿಕ್ಕ ವಯಸ್ಸಿನವನು, ಎಲ್ಲಿಯವನೋ ಪಾಪ. ಯೋಚಿಸಿ ಹೇಳಿದ: "ಹಗಲು ಹೊತ್ತು, ಕಾವಲು ಗೋಪುರದವರೆಗೆ, ಅಲ್ಲಿಂದ ವಾಪಸ್ಸು." ನಾನು ನಡೆದು ನೋಡಿದೆ. ನಿನ್ನಂಥವನಿಗೆ ಬಹಳ ಕಡಿಮೆ.

ಇನ್ನು ನನ್ನನ್ನು ಕರೆದದ್ದು. ಇದನ್ನು ಲಾರಿಯವನೇ ತರುವುದರಿಂದ ಬಿಚ್ಚಿ ಬರೆಯುತ್ತೇನೆ. ಹೌದು, ಕರೆದರು. ಕುರೆಸಾರೆಯಲ್ಲಿ. ತಾಲ್ಲಿನ್ನಿನಿಂದ ಬಂದಿದ್ದ ಒಬ್ಬ, ಸಭ್ಯನೇ. ಕುರ್ಚಿ ಕೊಟ್ಟ. ಮೇಜಿನ ಮೇಲೆ ಆ ಪತ್ರಿಕೆಯನ್ನು ನನ್ನ ಕಡೆ ತಿರುಗಿಸಿಟ್ಟ.

"ಇವರು ಯಾರು, ಹೇಳಿ."

ನೀನು ಪಕ್ಕಕ್ಕೆ ತಿರುಗಿದ್ದೀಯ, ಬಾಯಿ ತೆರೆದಿದೆ. ಅವನು ನೇರವಾಗಿ ಕಾಣುತ್ತಾನೆ. ಟೋಪಿ ಕೈಯಲ್ಲಿದೆ.

"ಕನ್ನಡಕ ತಂದಿಲ್ಲ," ಎಂದೆ. "ಕಿಟಕಿ ಹತ್ತಿರ ಹೋಗಿ ನೋಡ್ಲಾ?"

"ನೋಡಿ."

ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದೆ. ನನಗೆ ಕನ್ನಡಕ ಇಲ್ಲವೆಂದು ನಿನಗೆ ಗೊತ್ತು. ದೂರದ್ದೂ ಕಾಣುತ್ತದೆ, ಹತ್ತಿರದ್ದೂ ಕಾಣುತ್ತದೆ. ಕೂದಲು ಹಣೆಯಿಂದ ಹಿಂದೆ ಸರಿದಿದೆ. ಎಡಹುಬ್ಬಿನ ಗಾಯ ಹಾಗೇ ಇದೆ, ಹಗ್ಗ ಬಡಿದು ಆದದ್ದು. ಕುತ್ತಿಗೆ ಸಣ್ಣಗಾಗಿದೆ. ಅಂಗಿಯ ಕಾಲರಿಗೆ ಯಾರೋ ಚೆನ್ನಾಗಿ ಇಸ್ತ್ರಿ ಮಾಡಿದ್ದಾರೆ. ನಿನ್ನ ಕೈ ಹಿಡಿದಿರುವ ಬೆರಳುಗಳನ್ನು ಒಂದೊಂದಾಗಿ ನೋಡಿದೆ.

"ಗೊತ್ತಾಯ್ತಾ?" ಎಂದ ಅವನು ಹಿಂದಿನಿಂದ.

"ಸ್ವಲ್ಪ ತಾಳಪ್ಪ," ಎಂದೆ. "ಮುದುಕಿ ಕಣ್ಣು."

ತಾಳಿದ. ಅವನು ಸಿಗರೇಟು ಹಚ್ಚಿದ್ದು ಕೇಳಿಸಿತು, ಮುಗಿಸಿದ್ದೂ ಕೇಳಿಸಿತು. ಅಷ್ಟು ಹೊತ್ತೂ ನೋಡಿದೆ ವೆಲ್ಲೊ. ಇನ್ನೊಂದು ಸಲ ನೋಡಬೇಕಾದರೆ ಯಾರನ್ನು ಕೇಳಲಿ?

ಆಮೇಲೆ ಪತ್ರಿಕೆಯನ್ನು ಮಡಿಚಿ ಮೇಜಿನ ಮೇಲಿಟ್ಟು ಹೇಳಿದೆ: "ಇವನು ಯಾರೋ ವಯಸ್ಸಾದವನು. ನನ್ನ ಗಂಡನಿಗೆ ಇಪ್ಪತ್ತಾರು ವರ್ಷ."

ಅಮ್ಮ